ಅಕ್ರಮ-ಸಕ್ರಮ ಮೀಮಾಂಸೆ

ವಾದ, ಪ್ರತಿವಾದ, ಸಮನ್ವಯ ಎಂಬ ತ್ರಿಪುಟಿಯನ್ನು ಲೋಕವು ಜರ್ಮನಿಯ ದಾರ್ಶನಿಕ ಹೆಗೆಲ್‌ನ ಹೆಸರಿಗೆ ಖಾತೆ ಮಾಡಿಕೊಟ್ಟಿದೆಯಾದರೂ (ಆತ ತನ್ನ ದರ್ಶನವನ್ನು ಆ ಸೂತ್ರದಲ್ಲಿ ಹೇಳಲಿಲ್ಲವೆಂದು ಬಲ್ಲವರ ತಕರಾರು ಇಂದಿಗೂ ಇತ್ಯರ್ಥವಾಗದೆ ಉಳಿದಿದೆ), ಅದನ್ನು ಇಟ್ಟಿಗೆ ಸಿಮೆಂಟಿನಲ್ಲಿ ಸಾಧಿಸಿ ತೋರಿಸಿದ ಕೀರ್ತಿ ಬೆಂಗಳೂರಿಗೇ ಸಲ್ಲತಕ್ಕದ್ದು. ಇಲ್ಲಿ ವಾದವೆಂದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯನ್ವಯ ಸಿದ್ಧವಾಗುವ ಮಹಾಯೋಜನೆ. ಪ್ರತಿವಾದವೆಂದರೆ ಸೆಟ್‌ಬ್ಯಾಕನ್ನು, ಅರ್ಥಾತ್ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗವನ್ನು, ನುಂಗಿ ಏಳುವ ಗೋಡೆ. ಸಮನ್ವಯವೆಂದರೆ 2007ರ ತಿದ್ದುಪಡಿಯಿಂದ ಅದೇ ಕಾಯ್ದೆಯೊಳಗೆ ಪ್ರವೇಶ ಪಡೆದ, ವಸತಿ ಕಟ್ಟಡದಲ್ಲಿ ಶೇ. 50ರವರೆಗಿನ, ವಾಣಿಜ್ಯ ಕಟ್ಟಡದಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವ ಅಕ್ರಮ-ಸಕ್ರಮ. ಧರ್ಮವು ಎಷ್ಟು ಅಧರ್ಮವನ್ನು ಅರಗಿಸಿಕೊಳ್ಳಬಲ್ಲದೆಂಬ ಪ್ರಶ್ನೆಗೆ ಶೇಕಡಾವಾರು ಉತ್ತರ ನಿಗದಿಯಾದದ್ದು ತತ್ತ್ವಶಾಸ್ತ್ರದಲ್ಲಿ ಅಪೂರ್ವ ಸಂಗತಿ.

ಅಮೆರಿಕದ ಚಾರ್ಲ್ಸ್ ಲಿಂಡ್‌ಬ್ಲೋಮ್ 1959ರಲ್ಲಿ, ಆಡಳಿತವು ಸಮಗ್ರ ಯೋಜನೆಯಿಂದಲ್ಲದೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಡವರಿಸುತ್ತ ಸಾಗುತ್ತದೆಂಬ ಕ್ರಮವೃದ್ಧಿವಾದವನ್ನು ಮಂಡಿಸಿದರು. ಮಂಜೂರಾದ ನಕ್ಷೆಯಲ್ಲಿ ಬಾಲ್ಕನಿಯಾಗಿದ್ದುದು ಮೊದಲು ಗ್ರಿಲ್ಲನ್ನೂ ಅನಂತರ ಗಾಜನ್ನೂ ಕೊನೆಗೊಬ್ಬ ಬಾಡಿಗೆದಾರನನ್ನೂ ಪಡೆಯುವುದನ್ನು ಕಂಡವರಿಗೆ ಇದರ ಪುರಾವೆ ಬೇರೆ ಬೇಕಾಗದು. 1969ರಲ್ಲಿ ಶೆರ್ರಿ ಆರ್ನ್‌ಸ್ಟೈನ್ ಪ್ರಜಾ ಸಹಭಾಗಿತ್ವವನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಕಲ್ಪಿಸಿ, ಬುಡದಲ್ಲಿ ಜನರನ್ನು ಮರುಳು ಮಾಡುವುದನ್ನೂ ತುದಿಯಲ್ಲಿ ಜನರ ಸ್ವಂತ ಹತೋಟಿಯನ್ನೂ ಇರಿಸಿದರು. ಮಂಜೂರಾತಿಯಿಲ್ಲದ ಮಹಡಿಯನ್ನೇರುವ ಬೆಂಗಳೂರಿನ ಪ್ರಜೆಯು ನಡುವಣ ಸಮಾಲೋಚನೆಯ ಮೆಟ್ಟಿಲನ್ನು ಮುಟ್ಟದೆಯೇ ತುದಿ ತಲುಪಿ, ಅಲ್ಲಿ ಬಟ್ಟೆ ಒಣಹಾಕುತ್ತಾನೆ.

ನಿಯಮದಂತೆ ಜಾಗ ಬಿಟ್ಟು ಮನೆ ಕಟ್ಟಿದವನಿಗೆ ಈ ದರ್ಶನದಲ್ಲಿ ಸ್ಥಾನವಿಲ್ಲ. ಆತ ವಾದವನ್ನು ನಂಬಿ ಅಲ್ಲಿಯೇ ನಿಂತುಬಿಟ್ಟವನಾದ್ದರಿಂದ ಮನ್ನಿಸಲು ಅವನಲ್ಲಿ ಏನೂ ಇಲ್ಲ. ಪಕ್ಕದವನ ಗೋಡೆ ಮುಂದೆ ಬಂದು ಅವನ ಅಡುಗೆಮನೆಯ ಬೆಳಕನ್ನು ಕಸಿದಾಗ ಮಾತ್ರ ಅವನಿಗೆ ಇತಿಹಾಸದ ಗತಿಯ ಅರಿವಾಗುತ್ತದೆ. ಸಾಮಾಜಿಕ ನ್ಯಾಯದ ಸಿದ್ಧಾಂತಿಗಳಲ್ಲಿ ಯಾರೂ ಇಂಥವನಿಗೊಂದು ಅಧ್ಯಾಯ ಮೀಸಲಿಟ್ಟಂತೆ ಕಾಣುವುದಿಲ್ಲ, ಇಡತಕ್ಕದ್ದಿತ್ತು.

ಹೈಕೋರ್ಟ್ ಎತ್ತಿಹಿಡಿದಿದ್ದ ಈ ಸಮನ್ವಯಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿದ್ದರಿಂದ, ಅಕ್ರಮವು ಸಕ್ರಮವಾಗದೆಯೂ ತೆರವಾಗದೆಯೂ ಇರುವ ನಾಲ್ಕನೆಯ ಸ್ಥಿತಿಯೊಂದು, ಹೆಗೆಲ್‌ನ ಅನುಯಾಯಿಗಳಾರೂ ಊಹಿಸದಿದ್ದುದು, ತತ್ತ್ವಚಿಂತನೆಗೆ ದೊರಕಿತು. ಅದೇ ವರ್ಷ ಪ್ರಕಟವಾದ 2031ರ ಮಹಾಯೋಜನೆಯ ಕರಡು ಮುಂದೆ ವಾಪಸಾಯಿತು. 2015ರವರೆಗೆಂದು ಮಾಡಿದ ಮಹಾಯೋಜನೆಯೇ ಆ ವರ್ಷ ಕಳೆದ ಮೇಲೂ ನಗರವನ್ನು ಆಳುತ್ತ ಬಂದಿದೆ.