ಒಂದು ತಂತಿ ಕಮ್ಮಿ

ಅಮ್ಮನ ವೀಣೆಗೆ ಏಳು ತಂತಿ, 24 ಮೆಟ್ಟಿಲು. ಬೀರುವಿನ ಮೇಲೆ ಮಲಗಿದ್ದ ಗಿಟಾರಿಗೆ ಆರೇ ತಂತಿ, 20 ಮೆಟ್ಟಿಲು. ಹುಟ್ಟಾ ಲೆಕ್ಕದ ಗುಮಾಸ್ತ ನಾನು. ಎರಡೂ ಕಾಲಮ್ಮಿನಲ್ಲಿ ಗಿಟಾರೇ ಅಗ್ಗ ಅಂತ ಕಂಡಮೇಲೆ ತಡಮಾಡಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಸ್ಟೂಲು ಹತ್ತಿ ಅದನ್ನು ಇಳಿಸಿದೆ.

ಗಿಟಾರು ಮಗಳದ್ದು. 2020ರ ಲಾಕ್‌ಡೌನಿನಲ್ಲಿ ಹಟ ಹಿಡಿದು ತರಿಸಿಕೊಂಡಳು, ಪಿಯುಸಿ ಬಂದದ್ದೇ ಬೀರುವಿನ ಮೇಲೇರಿಸಿದಳು. ಸಂಗೀತಗಾರರ ಸಂದರ್ಶನಗಳಲ್ಲಿ ಬಾಲ್ಯದ ಯಾವುದೋ ಮಧುರ ಘಳಿಗೆಯ ಪ್ರಸ್ತಾಪ ಇದ್ದೇ ಇರುತ್ತದೆ. ನನ್ನ ಪ್ರೇರಣೆ ಇಷ್ಟೇ: ಕೊಟ್ಟ ದುಡ್ಡು ದಂಡವಾಗಬಾರದು.

ಮೊದಲು ಶ್ರುತಿ ಮಾಡಬೇಕು ಎನ್ನುವಷ್ಟು ಜ್ಞಾನ ಮೈಸೂರಿನ ವೀಣೆ ಮನೆಯಲ್ಲಿ ಹುಟ್ಟಿದವನಿಗೆ ಇತ್ತು. ಮೊಬೈಲಿನಲ್ಲಿ ಅದಕ್ಕೊಂದು ಆ್ಯಪ್ ಹಾಕಿಕೊಂಡೆ. ತಂತಿ ಮೀಟಿದರೆ ಮುಳ್ಳು ಅಲ್ಲಾಡುತ್ತದೆ. ಎಡಕ್ಕಿದ್ದರೆ ಬಿಗಿ ಮಾಡು, ಬಲಕ್ಕಿದ್ದರೆ ಸಡಿಲಿಸು. ಎರಡನೇ ತಂತಿ ಮೀಟಿದೆ. ಮುಳ್ಳು ಎಡಕ್ಕೆ. ಬಿರಡೆ ತಿರುಗಿಸಿದೆ. ಮುಳ್ಳು ಅಲ್ಲೇ. ಇನ್ನೊಂದು ಸುತ್ತು. ಅಲ್ಲೇ. ಎಲ್ಲೋ ಸಣ್ಣಗೆ ಕಿರ್ ಕಿರ್ ಅನ್ನುತ್ತಿತ್ತು, ಪಕ್ಕದ ಮನೆಯ ಗೇಟು ಅಂದುಕೊಂಡೆ. ಹಲ್ಲು ಕಚ್ಚಿ ಮತ್ತೊಂದು ಸುತ್ತು ಕೊಟ್ಟದ್ದೇ ತಡ, ಫಟ್!

"ಏನೋ ಅದು, ಕುಕ್ಕರ್ರಾ?" ಅಂತ ಅಮ್ಮ ದೇವರ ಕೋಣೆಯಿಂದ ಓಡಿಬಂದರು. ಮೀಟಿದ್ದು ಎರಡನೇ ತಂತಿ, ತಿರುಗಿಸಿದ್ದು ಒಂದನೆಯದರ ಬಿರಡೆ. ಅಮ್ಮನಿಗೆ ಒಂದೇ ನೋಟಕ್ಕೆ ತಿಳಿಯಿತು. "ಮೀಟೋದು ಒಂದನ್ನ, ತಿರುಗಿಸೋದು ಇನ್ನೊಂದನ್ನ. ನಿಮ್ಮಪ್ಪನೂ ಹೀಗೇ ಕಣೋ" ಎಂದು ಒಳಗೆ ಹೋದರು. ವೀಣೆಗಿಂತ ಒಂದು ತಂತಿ ಕಮ್ಮಿ ಅಂದೆನಲ್ಲ, ಈಗ ಎರಡು.

ಅಂಗಡಿಯವರು ಗಿಟಾರನ್ನು ಜ್ವರದ ಮಗುವಿನ ಹಾಗೆ ಎತ್ತಿಕೊಂಡರು. ಉಳಿದ ಐದು ತಂತಿಗಳ ಮೇಲೆ ಬಟ್ಟೆ ಎಳೆದರು. ಬಟ್ಟೆ ಕಾಫಿ ಬಣ್ಣಕ್ಕೆ ತಿರುಗಿತು. 12ನೇ ಮೆಟ್ಟಿಲ ಹತ್ತಿರ ತಂತಿ ಎರಡು ಮೂರು ಮಿಲಿಮೀಟರು ಎತ್ತರದಲ್ಲಿದ್ದರೆ ಬೆರಳಿಗೆ ಹಿತವಂತೆ. ನಮ್ಮದರಲ್ಲಿ ಅವರು ಪೆನ್ಸಿಲನ್ನೇ ತೂರಿಸಿ ತೋರಿಸಿದರು. ಶ್ರುತಿ ಮಾಡಿದ ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕೆಜಿ ಭಾರದಷ್ಟು ಎಳೆಯುತ್ತವಂತೆ, ಅದಕ್ಕೇ ಮರ ಬಾಗಿದೆ ಎಂದರು. ನನ್ನ ತೂಕ 72. ಅಂದರೆ ಹೆಚ್ಚುಕಮ್ಮಿ ನಾನೇ ಇಷ್ಟು ವರ್ಷ ಆ ಬಡಪಾಯಿಯ ಕತ್ತಿಗೆ ಜೋತುಬಿದ್ದ ಹಾಗೆ. ಹೊಸ ತಂತಿ ಹಾಕಿ, ಕತ್ತು ನೇರ ಮಾಡಿ, ಕುದುರೆಯ ಮೇಲಿನ ಬಿಳಿ ಪಟ್ಟಿಯನ್ನು ಉಜ್ಜಿ ತಗ್ಗಿಸಿ ಕೊಟ್ಟರು. ಬಿಲ್ಲು ನೋಡಿದ ಹೆಂಡತಿ, "ದುಡ್ಡು ದಂಡ ಆಗಬಾರದು ಅಂತ ಅಲ್ವೇನ್ರೀ ಶುರು ಮಾಡಿದ್ದು?" ಎಂದಳು.

ಗುರುಗಳು ಸಿಕ್ಕಿದ್ದು ಹಿಂದಿನ ರಸ್ತೆಯಲ್ಲಿ. ಇಂಜಿನಿಯರಿಂಗ್ ಓದುವ ಹುಡುಗ. ಅವನು ನನ್ನನ್ನು ಅಂಕಲ್ ಅನ್ನುತ್ತಾನೆ. ನಾನು ಅವನನ್ನು ಏನನ್ನಬೇಕು? ಗುರುವಿಗೆ ಏಕವಚನ ಸಲ್ಲದು, ಮಗಳ ವಯಸ್ಸಿನವನಿಗೆ ಬಹುವಚನ ನಾಲಗೆಗೆ ಬಾರದು. ಕೊನೆಗೆ ಕ್ರಿಯಾಪದವನ್ನೇ ನುಂಗಿ, "ಈ ಬೆರಳು ಇಲ್ಲಾ?" "ಮುಂದಿನ ಪಾಠ ಯಾವಾಗ?" ಅಂತ ತಂತಿ ಕಳಿಸುವವರ ಹಾಗೆ ಮಾತಾಡಿಕೊಂಡಿದ್ದೇನೆ.

ಮೊದಲ ದಿನ ಇ ಮೈನರ್. ಎರಡೇ ಬೆರಳು ಸಾಕು, ಆರೂ ತಂತಿ ಎಳೆಯಬಹುದು. ಏನೋ ಗಂಭೀರವಾದ ನಾದ ಹೊರಟಿತು; ಅರ್ಧ ಗಂಟೆ ನಾನು ಕಲಾವಿದನಾಗಿದ್ದೆ. ಎರಡನೇ ವಾರ ಸಿ ಮತ್ತು ಜಿ. ಒಂದೊಂದೂ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಬರುವುದಿಲ್ಲ. ನಾನು ಮೂರು ಬೆರಳನ್ನೂ ಎತ್ತಿ, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ಇಣುಕಿ, ಒಂದೊಂದೇ ಬೆರಳನ್ನು ಅದರದರ ಮನೆಗೆ ಸೇರಿಸುವವರೆಗೆ ಹಾಡು ಬಸ್‌ಸ್ಟಾಪಿನಲ್ಲಿ ನಿಂತಿರಬೇಕು. ನಾಲ್ಕನೇ ವಾರ ಎಫ್ ಬಂತು. ತೋರುಬೆರಳೊಂದೇ ಅಡ್ಡ ಮಲಗಿ ಆರೂ ತಂತಿಗಳನ್ನು ಒತ್ತಬೇಕು, ಮಿಕ್ಕ ಮೂರು ಬೆರಳು ಬೇರೆ ಕೆಲಸ ಮಾಡಬೇಕು. ನನ್ನ ತೋರುಬೆರಳು ಇಷ್ಟು ವರ್ಷ ತಪ್ಪು ಯಾರದೆಂದು ತೋರಿಸಿದ್ದು ಬಿಟ್ಟರೆ ದುಡಿದದ್ದೇ ಇಲ್ಲ. ಒತ್ತಿದೆ, ಎಳೆದೆ. ಒದ್ದೆ ರಟ್ಟಿನ ಡಬ್ಬಕ್ಕೆ ಬಡಿದ ಸದ್ದು.

"ಸ ಗ ಪ ಮೂರನ್ನೂ ಒಟ್ಟಿಗೆ ಯಾಕೋ ಕೂಗಿಸ್ತೀಯ? ಒಂದೊಂದಾಗಿ ಬಂದ್ರೆ ಏನು ಕಷ್ಟ ಅವಕ್ಕೆ?" ಅಮ್ಮ ಅಡುಗೆಮನೆಯಿಂದಲೇ ಕೇಳಿದರು. ನಾನು ಸುಮ್ಮನಿರಬಹುದಿತ್ತು. ಕದ್ರಿ ಗೋಪಾಲನಾಥರ ಹೆಸರೆತ್ತಿದೆ. ನಮ್ಮದೇ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನೇ ಕರ್ನಾಟಕ ಸಂಗೀತಕ್ಕೆ ಒಗ್ಗಿಸಲಿಲ್ಲವೇ ಅವರು? ವಿದೇಶಿ ವಾದ್ಯ ಅಂತ ತಾತ್ಸಾರ ಯಾಕೆ?

"ಅವರು ನುಡಿಸಿದರು ಕಣೋ. ನೀನು ಕೆರೀತಿದೀಯ."

ಈ ಕೆರೆತದ ಫಲ ಕಂಡದ್ದು ಆಫೀಸಿನಲ್ಲಿ. ನಮ್ಮಲ್ಲಿ ಹಾಜರಿಗೆ ಬೆರಳು ಒತ್ತುವ ಯಂತ್ರ. ನಾನು ನೋಂದಾಯಿಸಿದ್ದು ಎಡಗೈ ತೋರುಬೆರಳು, ಬಲಗೈಯಲ್ಲಿ ಊಟದ ಡಬ್ಬಿ ಇರುತ್ತದಲ್ಲ, ಅದಕ್ಕೆ. ಐದನೇ ವಾರದ ಸೋಮವಾರ ಯಂತ್ರ "ಮತ್ತೆ ಪ್ರಯತ್ನಿಸಿ" ಎಂದಿತು. ಬೆರಳು ತಿರುಗಿಸಿ ನೋಡಿದೆ. ತುದಿಯಲ್ಲಿ ತಂತಿಯ ಗೀರು, ಸುತ್ತ ಹುಣಸೆಬೀಜದ ಸಿಪ್ಪೆಯಂಥ ಗಟ್ಟಿ ಚರ್ಮ, ಗೆರೆಗಳು ಮಾಯ. ಪ್ಯಾಂಟಿಗೆ ಉಜ್ಜಿದೆ, ಊದಿದೆ, ಎಂಜಲು ಹಚ್ಚಿದೆ. ಹಿಂದೆ ಕ್ಯೂ ಬೆಳೆಯಿತು. "ಏನ್ ಸಾರ್, ಮನೇಲಿ ಪಾತ್ರೆ ನೀವೇ ತಿಕ್ಕೋದಾ?" ಎಂದರು ಯಾರೋ. ಹೌದು ಅಂದೆ. ಗಿಟಾರು ಅಂದಿದ್ದರೆ ಬಾರಿಸಿ ಅನ್ನುತ್ತಿದ್ದರು.

ಆ ತಿಂಗಳ ಪುಸ್ತಕದಲ್ಲಿ ನನಗೆ ಮೂರು ದಿನ ಗೈರುಹಾಜರಿ. ಅರ್ಜಿ ಬರೆದುಕೊಟ್ಟೆ, ಕಾರಣದ ಜಾಗದಲ್ಲಿ "ಚರ್ಮದ ತೊಂದರೆ" ಎಂದು ನಮೂದಿಸಿ. ಪಾಪ, ಆಫೀಸಿನವರು ಕನಿಕರಪಟ್ಟು ಬಲಗೈ ಹೆಬ್ಬೆರಳನ್ನು ನೋಂದಾಯಿಸಿಕೊಂಡರು. ಈಗ ಒಂದೇ ಸಲಕ್ಕೆ ಹಸಿರು ದೀಪ.

ನಿನ್ನೆ ಸಂಜೆ ಗುರುಗಳು ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದರು. "ಅಂಕಲ್, ಎಡಗೈ ಪರವಾಗಿಲ್ಲ. ಶನಿವಾರದಿಂದ ಪಿಕ್ ಬಿಡೋಣ. ಹೆಬ್ಬೆರಳಲ್ಲೇ ಮೀಟಬೇಕು."