ಕೋವಿ ಮಾವ

ಕೊಡಗಿನ ಯಾವ ಊರಿಗೆ ಹೋದರೂ ಒಬ್ಬ ಕೋವಿ ಮಾವ ಇದ್ದೇ ಇರುತ್ತಾರೆ. ಪಟ್ಟಾಳದಿಂದ ನಿವೃತ್ತರು, ಅಷ್ಟಿಷ್ಟು ಕಾಫಿ ತೋಟ, ಗೋಡೆಗೆ ಅಜ್ಜನ ಜೋಡಿ ನಳಿಗೆ, ಬೀರುವಿನಲ್ಲಿ .22 ರೈಫಲ್. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೋವಿಯೇನೋ ಇಟ್ಟುಕೊಳ್ಳಬಹುದು, ಆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಮೊಲಕ್ಕೂ ಗುರಿಯಿಡುವಂತಿಲ್ಲ. ಹಾಗಾಗಿ ಮಾವ ನಳಿಗೆಯೊಳಗೇ ಬೇಟೆಯಾಡುತ್ತಾರೆ.

ಬೆಳಗಿನ ಕಾಫಿ ಮುಗಿದದ್ದೇ ತಡ, ಜಗಲಿಯಲ್ಲಿ ಚಾಪೆ. ಅದರ ಮೇಲೆ ಉದ್ದನೆಯ ಸಲಾಕೆ, ಹಿತ್ತಾಳೆ ಬ್ರಷ್, ಎಣ್ಣೆ ಡಬ್ಬಿ, ಬನಿಯನ್ ಚಿಂದಿ. (ಆ ಬನಿಯನ್ ಇನ್ನೂ ಒಂದು ವರ್ಷ ಬಾಳುತ್ತಿತ್ತು ಎಂಬುದು ಅತ್ತೆಯ ತಕರಾರು.) ಸಲಾಕೆ ಹಿಂಬದಿಯಿಂದಲೇ ಹೋಗಬೇಕು, ಬಾಯಿಯ ಕಡೆಯಿಂದ ತುರುಕಿದರೆ ಅಂಚು ಸವೆದು ಗುರಿ ಕೆಡುತ್ತದೆ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, "ಅಲ್ಲಿ ನೋಡು, ಕಪ್ಪು!" ಎನ್ನುತ್ತಾರೆ. ನಾನೂ ಇಣುಕಿದೆ. ನನಗೆ ಕಂಡದ್ದು ಆಚೆಮನೆಯ ಹುಂಜ.

"ಎಷ್ಟು ದಿನಕ್ಕೊಮ್ಮೆ ಒರೆಸಬೇಕು ಮಾವ?" ಎಂದು ಕೇಳಿದವರ ಮಧ್ಯಾಹ್ನ ಮುಗಿದಂತೆ. ಹಳೇ ತೋಟಾಗಳ ಕೇಪಿನ ಮಸಿಯಲ್ಲಿ ಉಪ್ಪಿನಂಶ ಉಳಿಯುತ್ತಿತ್ತು, ಹೊಡೆದ ದಿನವೇ ಬಿಸಿನೀರು ಹೊಯ್ದು ತೊಳೆಯದಿದ್ದರೆ ತುಕ್ಕು ಗ್ಯಾರಂಟಿ. ಈಗಿನವಕ್ಕೆ ಆ ಭಯವಿಲ್ಲ. ಸೀಸದ ಗುಂಡಿನ .22 ಅಂತೂ ನೂರಾರು ಗುಂಡಿಗೂ ಜಗ್ಗದು, ಗುರಿ ತಪ್ಪತೊಡಗಿದಾಗ ಒರೆಸಿದರೆ ಸಾಕು. ಇಷ್ಟನ್ನೂ ತಾವೇ ಹೇಳಿ, "ಆದರೆ ನಮ್ಮ ಮಳೆ ಉಂಟಲ್ಲ!" ಎಂದು ಇನ್ನೊಂದು ಚಿಂದಿ ಹರಿಯುತ್ತಾರೆ. ಮಳೆಯ ಮಾತು ಒಪ್ಪಬೇಕಾದ್ದೇ. ಚಪ್ಪಲಿಗೇ ಬೂಷ್ಟು ಹಿಡಿಯುವ ಸೀಮೆ, ಕಬ್ಬಿಣವನ್ನು ಬಿಟ್ಟೀತೇ? ಆದರೆ ಮಾವ ಮಾರ್ಚಿನಲ್ಲೂ ಒರೆಸುತ್ತಾರೆ.

ಕಳೆದ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆಯಾಯಿತು. ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮಾವ ಮೀಸೆ ತಿದ್ದಿ, ಗುರಿಯಿಟ್ಟು ಹೊಡೆದರು. ಕಾಯಿ ಅಲುಗಲಿಲ್ಲ.

"ಎಣ್ಣೆ! ಒರೆಸಿ ಎಣ್ಣೆ ಹಚ್ಚಿದ ನಳಿಗೆಯ ಮೊದಲ ಗುಂಡು ಹಾಗೇ, ದಾರಿ ತಪ್ಪುತ್ತದೆ" ಎಂದರು. ಸುಳ್ಳಲ್ಲ, ಪಳಗಿದ ಗುರಿಕಾರರು ಒಂದು ಗುಂಡನ್ನು ಅದಕ್ಕೆಂದೇ ಮೊದಲು ಹಾರಿಸಿಬಿಡುತ್ತಾರೆ.

"ಹಾಗಾದರೆ ಇನ್ನು ಸ್ವಲ್ಪ ದಿನ ಒರೆಸಬೇಡಿ ಮಾವ" ಎಂದೆ.

"ಏನು ಮಾತಾಡ್ತೀಯಾ? ಗುಂಡು ಹೊಡೆದ ಕೋವಿಯನ್ನು ಒರೆಸದೆ ಇಡುವುದುಂಟಾ?"