ಟೇಪು ಹಿಡಿದು ಬರುವ ಕಾಕಾ

ಹೊಸ ಮನೆಯ ಶಾಂತಿಗೆ ಬರುವ ನೆಂಟರಲ್ಲಿ ನಾನಾ ಥರ. ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುವವರು, ಟೈಲ್ಸಿನ ರೇಟು ಕೇಳುವವರು, ಹೋಳಿಗೆ ಮಾಡಿದವರು ಯಾರೆಂದು ವಿಚಾರಿಸುವವರು. ಇವರನ್ನೆಲ್ಲ ಸಹಿಸಬಹುದು. ತೋರಣ ಬಾಡುವ ಮೊದಲೇ "ಈ ಮನಿ ಸುಟ್ರ ಏನ್ ಮಾಡ್ತಿ?" ಎಂದು ಕೇಳುವವರನ್ನು ಸಹಿಸುವುದು ಕಷ್ಟ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಹರಡಿಕೊಂಡಿರುವ ನಮ್ಮ ಬಳಗದಲ್ಲಿ ಆ ಕೆಲಸ ಕಾಕಾ ಅವರದು.

ಏಜೆಂಟರಾಗಿದ್ದರೆ ಚಿಂತೆಯಿರಲಿಲ್ಲ, ಒಂದು ಪಾಲಿಸಿ ಮಾಡಿಸಿ ಚಹಾ ಕುಡಿಸಿ ಕಳಿಸಬಹುದಿತ್ತು. ಕಾಕಾ ಬ್ಯಾಂಕಿನ ನಿವೃತ್ತ ಗುಮಾಸ್ತರು. ಯಾವ ಕಂಪನಿಯಿಂದಲೂ ದಮ್ಮಡಿ ಕಮಿಷನ್ ಇಲ್ಲ. ನಿಸ್ವಾರ್ಥಿಗಳಿಂದ ಪಾರಾಗುವ ದಾರಿ ನನಗಂತೂ ಗೊತ್ತಿಲ್ಲ.

ಜಹೀರಾಬಾದಿನಲ್ಲಿ ನಾವು ಮನೆ ಕಟ್ಟಿಸಿ ಶಾಂತಿ ಇಟ್ಟುಕೊಂಡ ದಿನ ನಾನು ಮಡಿ ಉಟ್ಟು ಹೋಮದ ಮುಂದೆ ಕೂತಿದ್ದೆ. ಕಾಕಾ ಅಂಗಿಯ ಜೇಬಿನಿಂದ ಟೇಪು ತೆಗೆದು ಅದರ ತುದಿ ನನ್ನ ಕೈಗೆ ಕೊಟ್ಟು, "ಇತ್ಲಾಗ ಹಿಡಿ ತಮ್ಮಾ" ಎಂದರು. ಹೊರಗೋಡೆ ಬಿಟ್ಟು ಒಳಗಿನ ನೆಲವನ್ನೆಲ್ಲ ಅಳೆದರು. ದೇವರಕೋಣೆಗೆ ಬಂದಾಗ ಪುರೋಹಿತರು ತಾವಾಗಿಯೇ ಕಾಲು ಮಡಚಿ ಜಾಗ ಬಿಟ್ಟರು. ಲೆಕ್ಕ 1,000 ಚದರಡಿಗೆ ನಿಂತಿತು.

"ಎಷ್ಟಕ್ಕ ಮಾಡಸ್ತಿ ವಿಮಾ?"

ನಲವತ್ತೈದು ಲಕ್ಷ ಎಂದೆ. ಹೈದರಾಬಾದ್ ಹೆದ್ದಾರಿಗೆ ಹತ್ತಿರದ ಪ್ಲಾಟು. ಹೇಳುವಾಗ ಸ್ವಲ್ಪ ಜಂಬವೂ ಇತ್ತು.

"ಜಾಗಾ ಸುಡತದೇನು? ಜಾಗಾ ಹರಕೊಂಡು ಹೋಗತದೇನು? ಮನಿ ಬಿದ್ರೂ ಜಾಗಾ ಅಲ್ಲೇ ಬಿದ್ದಿರತದ. ತಿರುಗಿ ಕಟ್ಟಲಿಕ್ಕ ಎಷ್ಟು ಬೇಕು, ಅದು ಹೇಳು."

ಚದರಡಿಗೆ 1,800 ರೂಪಾಯಿ ಹಿಡಿದು, ನನ್ನ ನಲವತ್ತೈದು ಲಕ್ಷದ ಮನೆಯನ್ನು ಊಟಕ್ಕೆ ಬಂದ ಅಷ್ಟೂ ಜನರೆದುರು ಹದಿನೆಂಟು ಲಕ್ಷಕ್ಕೆ ಇಳಿಸಿದರು. ಪುರೋಹಿತರು ಮಂತ್ರ ನಿಲ್ಲಿಸಿ, "ನಮ್ಮದು ತಗಡಿನ ಮನಿ ಅದ, ನಡೀತದೇನ್ರೀ?" ಎಂದು ಕೇಳಿದರು. ಅಲ್ಲಿಗೆ ಶಾಂತಿ ಮುಗಿಯಿತು.

ಮೊಮ್ಮಕ್ಕಳ ಹುಟ್ಟುಹಬ್ಬ ಮರೆಯುವ ಕಾಕಾಗೆ 2021ರ ಏಪ್ರಿಲ್ 1 ಮಾತ್ರ ಬಾಯಿಪಾಠ. ಎಲ್ಲ ಕಂಪನಿಗಳೂ ಒಂದೇ ನಮೂನೆಯ 'ಭಾರತ್ ಗೃಹ ರಕ್ಷಾ' ಪಾಲಿಸಿ ಮಾರಬೇಕೆಂದು ವಿಮಾ ಪ್ರಾಧಿಕಾರ ಜಾರಿಗೆ ತಂದ ದಿನವದು. ಕಟ್ಟಡಕ್ಕೆ ಎಷ್ಟು ಬರೆಸಿರುತ್ತೇವೋ ಅದರ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ, ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. ನಮ್ಮ ಪಾಲಿಗೆ 3 ಲಕ್ಷ 60 ಸಾವಿರ. ಬಂಗಾರ ಅದರಲ್ಲಿ ಬಾರದು, ಬೇರೆ ಬರೆಸಬೇಕು. "ಅಲಮಾರಿ ತಗೀರಿ, ಪಟ್ಟಿ ಮಾಡೂಣು" ಎಂದು ಕಾಕಾ ಪೆನ್ನು ತೆಗೆದಾಗ ನನ್ನ ತಾಯಿ ಬಾಗಿಲಿಗೆ ಅಡ್ಡ ನಿಂತರು. "ಬಂಗಾರ ಎಷ್ಟದ ಅಂತ ಇವರಪ್ಪಗೇ ಹೇಳಿಲ್ಲ, ಕಂಪನಿಯವರಿಗೆ ಹೇಳತೀನೇನು?"

ಪಾಲಿಸಿಯ ಷರತ್ತುಗಳನ್ನು ಅವರು ಪುರಾಣದಂತೆ ಓದುತ್ತಾರೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ದಂಗೆ, ನೀರಿನ ಟ್ಯಾಂಕು ಒಡೆಯುವುದು ಎಲ್ಲ ಇದೆ. ಕ್ಷಿಪಣಿ ಪರೀಕ್ಷೆಯೂ ಇದೆ. "ನಮ್ಮ ಮನಿ ಮ್ಯಾಲ ಕ್ಷಿಪಣಿ ಯಾರು ಬಿಡತಾರ ಕಾಕಾ?" ಎಂದು ನನ್ನ ಹೆಂಡತಿ ನಕ್ಕಳು. ಕಾಕಾ ನಗಲಿಲ್ಲ. ಬೀದರಿನ ವಾಯುಪಡೆ ನೆಲೆ ಇರುವ ದಿಕ್ಕಿಗೆ ಬೆರಳು ತೋರಿಸಿ, "ವಿಮಾನ ಬಿದ್ರೂ ಬರತದ ಅವ್ವಾ, ಕಬ್ಬಿನ ಟ್ರ್ಯಾಕ್ಟರ್ ಕಂಪೌಂಡಿಗಿ ಹೊಡದ್ರೂ ಬರತದ" ಎಂದರು. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆ ನೋಡಿದವರಿಗೆ ಎರಡನೆಯದು ಪುರಾಣವಲ್ಲ. ಕಳ್ಳತನದ್ದು ಮಾತ್ರ ವಿಚಿತ್ರ: ಬೆಂಕಿಯೋ ನೆರೆಯೋ ಬಂದ ಏಳು ದಿನದೊಳಗೆ ಕಳುವಾದರಷ್ಟೇ ಈ ಪಾಲಿಸಿಯಲ್ಲಿ ಲೆಕ್ಕ. ಎಂಟನೇ ದಿನ ಬರುವ ಕಳ್ಳನಿಗೆ, ಸುಮ್ಮನೆ ಬರುವ ಕಳ್ಳನಿಗೆ ಬೇರೆಯೇ ಪಾಲಿಸಿ ಬೇಕು.

ಸಾಂತ್ವನ ಹೇಳುವ ಕಲೆ ಕಾಕಾಗೆ ಒಲಿದಿಲ್ಲ. 2020ರ ಅಕ್ಟೋಬರಿನ ಮಳೆಯಲ್ಲಿ ಕಾಗಿಣಾ ಉಕ್ಕಿದಾಗ ತಾಂಡೂರಿನ ನಮ್ಮ ಭಾವನ ಮನೆಗೆ ನೀರು ನುಗ್ಗಿತು. ನೆಲಕ್ಕೆ ಹಾಸಿದ್ದ ತಾಂಡೂರು ಕಲ್ಲು ತೊಳೆದಂತೆ ಉಳಿಯಿತು. ಫ್ರಿಜ್ಜು, ಹಾಸಿಗೆ, ವರ್ಷದ ತೊಗರಿಬೇಳೆ ಹೋದವು. "ಸಾಲ ಕೊಡುವಾಗ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸ್ಯಾರ" ಎಂದು ಭಾವ ಧೈರ್ಯವಾಗಿದ್ದರು. ಕಾಕಾ ಕನ್ನಡಕ ಏರಿಸಿ ಕಾಗದ ತಿರುವಿ ಹಾಕಿದರು. ವಿಮೆ ಇದ್ದದ್ದು ಸಾಲಗಾರನ ಜೀವಕ್ಕೆ, ಮನೆಗಲ್ಲ. "ನೀನು ಹೋಗಿದ್ರ ಸಾಲ ತೀರತಿತ್ತು ನೋಡು" ಎಂದು ಭಾವನ ಹೆಗಲು ತಟ್ಟಿದರು. ನಮ್ಮಕ್ಕ ಆ ದಿನ ಅವರಿಗೆ ಚಹಾ ಕೊಡಲಿಲ್ಲ. ಮುಂದಿನ ವರ್ಷ ಅವರನ್ನೇ ಕರೆಸಿ ಮನೆ ಅಳೆಸಿದಳು.

ಇಷ್ಟು ಮಾಡುವವರ ಸ್ವಂತ ಮನೆಗೆ ವಿಮೆ ಇಲ್ಲ.

ನಾರಾಯಣಖೇಡದಲ್ಲಿ ಅವರದು ಕಲ್ಲು ಮಣ್ಣಿನ ದಪ್ಪ ಗೋಡೆಯ ಹಳೇ ಮಾಳಿಗೆ ಮನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದ ಜನ ಮಲಗಿದ್ದಾಗ, ಕಿಲ್ಲಾರಿ ಭೂಕಂಪದಲ್ಲಿ ಸುಮಾರು 10,000 ಮಂದಿಯ ಮೇಲೆ ಕುಸಿದದ್ದು ಇಂಥವೇ ಮನೆಗಳು. ಆ ನಡುಕಕ್ಕೆ ಕಾಕಾರ ಪಡಸಾಲೆಯ ಗೋಡೆ ಸೀಳಿತು. ಅವರ ತಾಯಿ ಆಮೇಲೆ ಒಳಗೆ ಮಲಗಲೇ ಇಲ್ಲ. ಮಳೆಗಾಲದಲ್ಲೂ ಕಟ್ಟೆಯ ಮೇಲೆ ಒಂದು ಕಂಬಳಿ, ಒಂದು ಕಂದೀಲು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಮೇಲಿಂದ ಮೇಲೆ ನಡುಗಿ ಜನ ಬಯಲಲ್ಲಿ ಮಲಗಿದಾಗ ಕಾಕಾ ಅಪರಾತ್ರಿಯಲ್ಲಿ ನಮಗೆಲ್ಲ ಫೋನು ಮಾಡಿದ್ದು ಪಾಲಿಸಿಯ ಮಾತಿಗೇ ಎಂದು ನಾನು ಎತ್ತಿರಲಿಲ್ಲ. ಅಂದು ಅವರು ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ಹೊರಗ ಮಲಕೋರಿ."

ವಿಮೆ ಯಾಕಿಲ್ಲವೆಂದರೆ, ಆ ಮನೆ ಯಾರದೆಂದು ಕಾಗದದಲ್ಲಿ ಗೊತ್ತಾಗುವುದಿಲ್ಲ. ಅಜ್ಜನ ಪತ್ರ ನಿಜಾಮರ ಕಾಲದ ಉರ್ದುವಿನಲ್ಲಿದೆ. ಮನೆ ಇದ್ದಲ್ಲೇ ಇದೆ, ಜಿಲ್ಲೆಗಳು ಬದಲಾದವು: 1956ರವರೆಗೆ ಬೀದರ್, ಆಮೇಲೆ ಮೆದಕ್, 2016ರಿಂದ ಸಂಗಾರೆಡ್ಡಿ. ಅಣ್ಣತಮ್ಮಂದಿರಲ್ಲಿ ಒಬ್ಬರು ಹುಮನಾಬಾದಿನಲ್ಲಿ, ಒಬ್ಬರು ನಾಂದೇಡದಲ್ಲಿ, ಒಬ್ಬರು ಮಗನ ಜೊತೆ ಪುಣೆಯಲ್ಲಿ. ಯಾರೂ ವಾಟ್ನಿ ಮಾಡಿಕೊಂಡಿಲ್ಲ, ಯಾರೂ ಬಿಟ್ಟುಕೊಟ್ಟಿಲ್ಲ. ಗೋಡೆಗೆ ಗಾರೆ ಮೆತ್ತಿಸುವವರು ಕಾಕಾ ಒಬ್ಬರೇ.

ಬರುವ ದೀಪಾವಳಿಗೆ ಎಲ್ಲರೂ ಖೇಡಕ್ಕೆ ಬಂದು ಸಹಿ ಹಾಕಬೇಕೆಂದು ಕಾಕಾ ಈಗ ಫರ್ಮಾನು ಹೊರಡಿಸಿದ್ದಾರೆ. ಹುಮನಾಬಾದಿನವರು ಹೂಂ ಅಂದಿದ್ದಾರೆ. ಪುಣೆಯವರಿಗೆ ಮಂಡಿನೋವು. ನಾಂದೇಡದವರು ಖಂಡಿತ ಬರುತ್ತಾರಂತೆ. ಅಲ್ಲಿ ಜಾಗಕ್ಕೆ ಸದ್ಯ ಏನು ರೇಟು ನಡೆದಿದೆ ಎಂದು ಮೊದಲು ತಿಳಿಸಬೇಕಂತೆ.